ಒಂಟೆಕ್ಕನ ತೆರಿಗೆ

ಒಂಟೆಕ್ಕ ಎಂಬ ಹೆಸರು ಅವಳಿಗೆ ಅಂಟಿಕೊಂಡದ್ದಕ್ಕೆ ಕಾರಣ ಎರಡು. ಒಂದು ಅವಳ ಉದ್ದನೆಯ ಕತ್ತು. ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಎಷ್ಟೇ ಹಬೆ ತುಂಬಿಕೊಂಡಿದ್ದರೂ ಅದರ ಮೇಲೆ ಅವಳ ತಲೆಯೊಂದು ತೇಲಿಕೊಂಡು ಹೋಗುವುದು ಕಾಣುತ್ತಿತ್ತು. ಇನ್ನೊಂದು, ಅವಳು ಮದುವೆಯಾಗದೆ ಒಂಟಿಯಾಗಿ ಉಳಿದದ್ದು. ಯಾವನೋ ಕಿಡಿಗೇಡಿ ‘ಒಂಟಿ’ಯ ಬಾಲ ತಿರುಚಿ ‘ಒಂಟೆ’ ಮಾಡಿದ, ಆಮೇಲೆ ಹೆದರಿ ಹಿಂದೊಂದು ‘ಅಕ್ಕ’ನನ್ನು ಜೋಡಿಸಿದ. ಹೆಸರು ತನ್ನ ಕಿವಿಗೆ ಬಿದ್ದ ದಿನ ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ಒಂಟೆ ಯಾರ ಹಂಗೂ ಇಲ್ಲದೆ ಮರಳುಗಾಡು ದಾಟುವ ಪ್ರಾಣಿ, ಹೆಸರಿಟ್ಟವನಿಗೆ ತಲೆಯಿದೆ ಎಂದಳು. ಅಲ್ಲಿಗೆ ಗೇಲಿಯ ಹಲ್ಲು ಉದುರಿತು, ಹೆಸರು ಮಾತ್ರ ಉಳಿಯಿತು.

ಊರಿನ ಆಸ್ಪತ್ರೆಗಳ, ಹೋಟೆಲುಗಳ ಹಾಸುಬಟ್ಟೆಯೆಲ್ಲ ಆ ಕಾರ್ಖಾನೆಗೇ ಬರುತ್ತಿತ್ತು. ಹಿಂಬಾಗಿಲಿನಿಂದ ಗಂಟುಗಂಟಾಗಿ ಕೊಳೆ ಒಳಗೆ ಬಂದರೆ ಮುಂಬಾಗಿಲಿನಿಂದ ಅದೇ ಬಟ್ಟೆ ಬೆಳ್ಳಗೆ ಮಡಿಕೆಯಾಗಿ ಹೊರಗೆ ಹೋಗುತ್ತಿತ್ತು. ಒಂಟೆಕ್ಕನ ಕೆಲಸ ದೊಡ್ಡ ಇಸ್ತ್ರಿ ಉರುಳೆಯ ಮುಂದೆ. ಒದ್ದೆ ಬಟ್ಟೆಯ ಎರಡು ತುದಿಗಳನ್ನು ಇಬ್ಬರು ಹಿಡಿದು, ಒಮ್ಮೆ ಝಾಡಿಸಿ, ಸುಕ್ಕು ಕಾಣದಂತೆ ಎಳೆದು, ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಒಬ್ಬರ ಕೈ ಚೂರು ಮುಂದಾದರೂ ಬಟ್ಟೆ ಸೊಟ್ಟಗೆ ಒಳಹೋಗುತ್ತದೆ. ಸೊಟ್ಟಗಾದದ್ದು ಮತ್ತೆ ನೀರಿಗೆ. ಒಂಟೆಕ್ಕನ ಎದುರು ತುದಿ ಹಿಡಿಯುತ್ತಿದ್ದವಳು ಗುಬ್ಬಿ. ಹೆಸರಿಗೆ ತಕ್ಕ ಗಾತ್ರ, ಹೆಸರಿಗೆ ತಕ್ಕ ಚಿಲಿಪಿಲಿ. ಒಂಟೆ ಗುಬ್ಬಿಗಳನ್ನು ಒಂದೇ ನೊಗಕ್ಕೆ ಕಟ್ಟಿದ ಮೇನೇಜರನನ್ನು ನೋಡಿ ಎಲ್ಲರೂ ನಕ್ಕಿದ್ದರು. ಒಂಟೆಕ್ಕ ಬಡಗಿಯ ಕೈಕಾಲು ಹಿಡಿದು ಒಂದು ಹಲಗೆ ಮಾಡಿಸಿ ತಂದು ಗುಬ್ಬಿಯ ಕಾಲಡಿಗೆ ಇಟ್ಟಳು. ಆ ಹಲಗೆಯ ಮೇಲೆ ನಿಂತರೆ ಇಬ್ಬರ ಕೈಯೂ ಸಮ. ಅಂದಿನಿಂದ ಆ ಉರುಳೆಯಲ್ಲಿ ಹೋದ ಬಟ್ಟೆಯಷ್ಟು ನೇರವಾದ ಬಟ್ಟೆ ಬೇರೆ ಉರುಳೆಯಿಂದ ಬರಲಿಲ್ಲ.

ಅವಳು ಯಾಕೆ ಮದುವೆಯಾಗಲಿಲ್ಲ ಎಂಬುದಕ್ಕೆ ಕಾರ್ಖಾನೆಯಲ್ಲಿ ಬಗೆಬಗೆಯ ಕಥೆಗಳಿದ್ದವು. ಮೋಸಹೋದ ಪ್ರೀತಿ, ಹಡಗು ಹತ್ತಿ ಹೋದ ಹುಡುಗ, ಗುಟ್ಟಾದ ಕಾಯಿಲೆ, ಹೀಗೆ ಕೇಳಿದವರ ರುಚಿಗೆ ತಕ್ಕಂತೆ. ನಿಜ ಅಷ್ಟು ರುಚಿಯಾಗಿರಲಿಲ್ಲ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಅವಳನ್ನು ಸಾಕಿದ್ದು ಚಿಕ್ಕಮ್ಮ. ಊರಿನ ಹೆಂಗಸರ ಬಟ್ಟೆ ಹೊಲಿದು ಹೊಲಿದು ಬೆನ್ನು ಬಾಗಿಸಿಕೊಂಡ ಚಿಕ್ಕಮ್ಮ. ಸಂಬಂಧಗಳು ಬಂದಿದ್ದವು. ಒಬ್ಬನನ್ನು ಅವಳು ಒಪ್ಪಿಯೂ ಇದ್ದಳು. ಮಾತುಕತೆಯ ದಿನ ಆತ, ಚಿಕ್ಕಮ್ಮನನ್ನು ಎಲ್ಲಿ ಬಿಡುತ್ತೀಯ ಎಂದು ಕೇಳಿದ. ಬಿಡುವುದಕ್ಕೆ ಅದೇನು ಕೊಡೆಯೇ ಎಂದು ಇವಳು ಎದ್ದು ಬಂದಳು. ಆಮೇಲೆ ಹಾಗೇ ದಿನ ಕಳೆದವು. ಕಳೆಯುತ್ತ ಕಳೆಯುತ್ತ ಆ ಬದುಕು ಅವಳಿಗೆ ಹಿಡಿಸಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಬೀದಿಗೆ ತೆರೆಯುವ ಕಿಟಕಿ, ಕಿಟಕಿಯ ಬಳಿ ಚಿಕ್ಕಮ್ಮನ ಕುರ್ಚಿ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಯಾರಿಗೂ ಜವಾಬು ಹೇಳಬೇಕಾಗಿಲ್ಲ. ಚಿಕ್ಕಮ್ಮನಿಗೆ ಕಿವಿ ಮಂದವಾದ್ದರಿಂದ ಹೇಳಿದರೂ ಕೇಳುವುದಿಲ್ಲ.

ತೆರಿಗೆಯ ವಿಷಯ ಅವಳಿಗೆ ತಿಳಿದದ್ದು ಗುಬ್ಬಿಯಿಂದಲೇ. ಒಂದು ಸಂಬಳದ ದಿನ ಗುಬ್ಬಿ ಮಗಳ ಶಾಲೆಯ ಬೂಟು ಕೊಳ್ಳುವ ಲೆಕ್ಕ ಹಾಕುತ್ತ ತನ್ನ ಕೈಗೆ ಬಂದದ್ದೆಷ್ಟು ಎಂದು ಬಾಯಿಬಿಟ್ಟಳು. ಒಂದೇ ಉರುಳೆ, ಒಂದೇ ಬಟ್ಟೆ, ಒಂದೇ ಕೂಲಿ. ಆದರೂ ಒಂಟೆಕ್ಕನ ಕೈಗೆ ಬಂದದ್ದು ಕಡಿಮೆ. ಲೆಕ್ಕದ ಗುಮಾಸ್ತನನ್ನು ಕೇಳಿದಾಗ ಆತ ಕಾನೂನನ್ನು ಬಿಡಿಸಿ ಹೇಳಿದ. ಮದುವೆಯಾದವರಾದರೆ ಗಂಡ ಹೆಂಡತಿಯ ಸಂಪಾದನೆಯನ್ನು ಕೂಡಿಸಿ ಎರಡು ಪಾಲು ಮಾಡುತ್ತಾರೆ. ಪಾಲು ಸಣ್ಣದಾದಷ್ಟೂ ತೆರಿಗೆಯ ದರ ಸಣ್ಣದು, ಜೊತೆಗೆ ಜೋಡಿಗೆ ದರದಲ್ಲೇ ಒಂದಿಷ್ಟು ರಿಯಾಯಿತಿಯೂ ಉಂಟು. ಒಬ್ಬರೇ ಇರುವವರ ಸಂಬಳ ಪಾಲಾಗುವುದಿಲ್ಲ, ಇಡಿಯಾಗಿಯೇ ತಕ್ಕಡಿ ಹತ್ತುತ್ತದೆ. ಚಿಕ್ಕಮ್ಮ ಎಂಬ ಸಂಬಂಧ ಆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಆ ದಿನ ಮಡಿಕೆ ಮೇಜಿನ ಸುತ್ತ ಒಳ್ಳೆಯ ತಮಾಷೆ ನಡೆಯಿತು. ಹೆರಿಗೆ ಆದವರಿಗೆ ತೆರಿಗೆ ಕಡಿಮೆ, ಹೆರಿಗೆ ಇಲ್ಲದವರಿಗೆ ತೆರಿಗೆ ಜಾಸ್ತಿ ಎಂದು ಯಾರೋ ಪ್ರಾಸ ಕಟ್ಟಿದರು. ಹೆಚ್ಚು ನಕ್ಕವಳು ಒಂಟೆಕ್ಕನೇ. ಅವಳ ಮನಸ್ಸಿನಲ್ಲಿ ಚುರುಕ್ ಎನ್ನಲಿಲ್ಲ ಎಂದಲ್ಲ. ಆದರೆ ಅವಳ ತೆರಿಗೆಯಲ್ಲಿ ಶಾಲೆ ನಡೆಯುತ್ತದೆ, ಆಸ್ಪತ್ರೆ ನಡೆಯುತ್ತದೆ; ಇವತ್ತು ಬೂಟು ಕೇಳುವ ಮಕ್ಕಳೇ ನಾಳೆ ಬಸ್ಸು ಓಡಿಸುವವರು, ಮುದುಕಿಯಾದ ಮೇಲೆ ತನಗೆ ಇಂಜೆಕ್ಷನ್ ಚುಚ್ಚುವವರು. ಅವರಿಗೆ ಹೋದರೆ ಹೋಗಲಿ ಎಂದು ಸುಮ್ಮನಾದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನನ್ನ ಕಾಲು ಚೂರು ಉದ್ದ ಅಷ್ಟೇ ಎಂದು ಗುಬ್ಬಿಗೆ ಹೇಳಿದಳು.

ಸುಮ್ಮನಾಗದವನು ಬಾಯ್ಲರಿನವನು. ಇಡೀ ಕಾರ್ಖಾನೆಯಲ್ಲಿ ಅವಳನ್ನು ಅಕ್ಕ ಎನ್ನದ ಗಂಡಸು ಅವನೊಬ್ಬನೇ. ‘ರೀ’ ಎನ್ನುತ್ತಿದ್ದ, ಇಲ್ಲವೇ ಏನೂ ಅನ್ನದೆ ಎದುರಿಗೆ ಬಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನೂ ಬ್ರಹ್ಮಚಾರಿ, ಒಲೆ ಕಾಯುವುದರಲ್ಲೇ ಅರ್ಧ ತಲೆ ನರೆತಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಬಂದು ಎದುರು ಬೆಂಚಿನಲ್ಲಿ ಕೂತ. ಬಹಳ ಹೊತ್ತು ಹಬೆಯ ಒತ್ತಡದ ಬಗ್ಗೆ ಮಾತಾಡಿದ. ಕೊನೆಗೆ ಡಬ್ಬಿಯ ಮುಚ್ಚಳ ನೋಡುತ್ತ ವಿಷಯಕ್ಕೆ ಬಂದ.

“ನಮ್ಮಿಬ್ಬರಿಂದಲೂ ಸುಮ್ಮನೆ ಹಣ ಹೋಗ್ತಾ ಇದೆ ರೀ. ಹೋಗಿ ಒಂದು ಸಹಿ ಹಾಕಿ ಬಂದರೆ ಇಬ್ಬರಿಗೂ ಉಳಿಯುತ್ತೆ. ನಿಮ್ಮ ಮನೇಲಿ ನೀವಿರಿ, ನನ್ನ ಮನೇಲಿ ನಾನಿರ್ತೀನಿ.”

ಒಂಟೆಕ್ಕ ನಗಲಿಲ್ಲ. ಅವನ ಕಿವಿ ಕೆಂಪಾಗಿದ್ದುದು ಒಲೆಯ ಬಿಸಿಗಲ್ಲ ಎಂದು ಅವಳಿಗೆ ಗೊತ್ತಾಯಿತು.

“ನೋಡಿ, ನೀವು ನನ್ನನ್ನ ಇಷ್ಟಪಟ್ಟು ಕೇಳಿದ್ದರೆ ಇಷ್ಟ ಇದೆಯೋ ಇಲ್ಲವೋ ಹೇಳ್ತಿದ್ದೆ. ರಿಯಾಯಿತಿಗೆ ಅಂತ ಕೇಳಿದರೆ ಏನು ಹೇಳಲಿ? ನಾನೇನು ಅಂಗಡೀಲಿ ಒಂದು ಕೊಂಡರೆ ಒಂದು ಉಚಿತ ಅಂತಾರಲ್ಲ, ಆ ಸಾಮಾನೇ?”

ಅವನು ಡಬ್ಬಿ ಮುಚ್ಚಿಕೊಂಡು ಎದ್ದುಹೋದ. ಮಾರನೆಯ ದಿನ ಏನೂ ಆಗದವನಂತೆ ಬಂದು ನಿಮ್ಮ ಉರುಳೆಗೆ ಹಬೆ ಸಾಕೇ ಎಂದು ಕೇಳಿದ. ಅವಳು ಸಾಕು ಎಂದಳು. ಅವರ ಸ್ನೇಹ ಅದರಿಂದ ಕೆಡಲಿಲ್ಲ; ಇನ್ನೂ ಕೊಂಚ ಗಟ್ಟಿಯಾಯಿತು ಎನ್ನಬೇಕು.

ಹೀಗೆ ತಮಾಷೆಯಲ್ಲೇ ಮುಗಿದುಹೋಗಬಹುದಾಗಿದ್ದ ವಿಷಯ ತಮಾಷೆಯಾಗಿ ಉಳಿಯದೆ ಹೋದದ್ದು ವಿಂಗಡಣೆಯವಳಿಂದ. ಕೊಳೆ ಬಟ್ಟೆ ಬಂದು ಬೀಳುವ ಮೇಜಿನಲ್ಲಿ ರಕ್ತದ ಕಲೆಯದ್ದು ಒಂದು ಕಡೆ, ಎಣ್ಣೆಯದ್ದು ಒಂದು ಕಡೆ ಎಂದು ಬೇರೆ ಮಾಡುವ ಕೆಲಸ ಅವಳದು. ಇನ್ನೂ ಚಿಕ್ಕ ವಯಸ್ಸು, ಎರಡು ಮಕ್ಕಳು. ಗಂಡ ಇದೇ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ವ್ಯಾನನ್ನು ರಸ್ತೆಯ ಅಂಚಿಗೆ ನಿಲ್ಲಿಸಿದವನು ಮತ್ತೆ ಏಳಲಿಲ್ಲ. ಎಲ್ಲರೂ ಕೈಲಾದದ್ದು ಮಾಡಿದರು, ಮಕ್ಕಳನ್ನು ಸರದಿಯ ಮೇಲೆ ನೋಡಿಕೊಂಡರು. ವರ್ಷ ತಿರುಗಿತು. ಹೊಸ ವರ್ಷದ ಮೊದಲ ಸಂಬಳ ಬಂದಾಗ ಅವಳು ಗುಮಾಸ್ತನ ಕಿಟಕಿಯ ಮುಂದೆ ಬಹಳ ಹೊತ್ತು ನಿಂತಳು. ಅವಳ ತೆರಿಗೆ ಏರಿತ್ತು. ಗಂಡನಿಲ್ಲದ ಮೇಲೆ ಅವಳೂ ಒಂಟಿಯೇ ಅಲ್ಲವೇ, ಪಾಲು ಮಾಡುವುದಕ್ಕೆ ಇನ್ನೊಬ್ಬನೆಲ್ಲಿ ಎಂಬುದು ಕಾನೂನಿನ ಲೆಕ್ಕ. ಗುಮಾಸ್ತ ಕೆಟ್ಟವನಲ್ಲ, ಹೇಳುವಾಗ ಅವನ ದನಿಯೂ ಕುಗ್ಗಿತ್ತು.

ವಿಂಗಡಣೆಯವಳು ಅಳಲಿಲ್ಲ. ವಾಪಸು ಬಂದು ಕೈಗವಸು ಹಾಕಿಕೊಳ್ಳುತ್ತ, ಮನೆಗೆ ದುಡಿಯುವವನು ಒಬ್ಬ ಕಮ್ಮಿಯಾದ ಅಂತ ಅವರಿಗೆ ನಾನು ಸಾಹುಕಾರಳಾಗಿ ಕಂಡೆ ಎಂದಳು. ಅಷ್ಟೇ. ಉರುಳೆಯ ಬಳಿ ಆ ಮಾತು ಕೇಳಿದ ಒಂಟೆಕ್ಕನ ಕೈ ನಿಂತುಹೋಯಿತು. ಗುಬ್ಬಿ ಎಳೆದ ಬಟ್ಟೆ ಸೊಟ್ಟಗೆ ಒಳಗೆ ಹೋಯಿತು.

ತನಗಾಗಿ ಎಂದೂ ಬಾಯಿ ತೆರೆಯದವಳು ಮಾರನೆಯ ದಿನವೇ ರಜೆ ಹಾಕಿ ತೆರಿಗೆ ಕಚೇರಿಗೆ ಹೋದಳು. ಅಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸಿದರು. ಕೊನೆಯ ಮೇಜಿನ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿದ, ಪೂರ್ತಿ ಕೇಳಿಸಿಕೊಂಡ, ನಿಮ್ಮ ಮಾತು ಸರಿಯಿರಬಹುದು ಸರಿಯಿಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಕಾನೂನು ಮಾಡುವವರು ನಾವಲ್ಲ, ವಸೂಲಿ ಮಾಡುವವರು ಎಂದ. ಹೊರಡುವಾಗ ಮಾತ್ರ ಒಂದು ಉಪಕಾರ ಮಾಡಿದ. ತೆರಿಗೆ ಕಾನೂನನ್ನು ತಿದ್ದಬೇಕೇ ಎಂದು ಜನರ ಅಭಿಪ್ರಾಯ ಕೇಳಲು ಒಂದು ಸಮಿತಿ ಊರೂರಿಗೆ ಬರುತ್ತಿದೆ, ಪುರಭವನದಲ್ಲಿ ಕೂರುತ್ತದೆ, ಯಾರು ಬೇಕಾದರೂ ಎದ್ದುನಿಂತು ಮಾತಾಡಬಹುದು ಎಂದ.

ಈ ಸುದ್ದಿ ಕಾರ್ಖಾನೆಗೆ ತಲುಪಿದ ಕೂಡಲೆ ಜನ ಎರಡು ಹೋಳಾದರು. ಮದುವೆಯಾಗದ ಹುಡುಗರು, ಗಂಡ ಬಿಟ್ಟವರು, ಹೆಂಡತಿ ಸತ್ತವರು ಒಂದು ಕಡೆ. ಸಂಸಾರಸ್ಥರು ಒಂದು ಕಡೆ. ಒಂಟೆಕ್ಕ ಅಲ್ಲಿ ಹೋಗಿ ಮದುವೆಯಾದವರ ರಿಯಾಯಿತಿ ಕಿತ್ತುಹಾಕಿ ಎನ್ನುತ್ತಾಳಂತೆ ಎಂಬ ಗುಸುಗುಸು ಹಬ್ಬಿತು. ಅವಳು ಹಾಗೆ ಹೇಳಿರಲಿಲ್ಲ. ಏನು ಹೇಳಬೇಕೆಂದು ಅವಳಿಗೇ ಇನ್ನೂ ಗೊತ್ತಿರಲಿಲ್ಲ. ಆದರೆ ಕೂದಲಿನಷ್ಟು ಸುದ್ದಿ ಸಿಕ್ಕರೆ ಜಡೆ ಹೆಣೆಯುವ ಜನಕ್ಕೆ ಎಲ್ಲಿ ಬರ?

ಗುಬ್ಬಿ ನೇರವಾಗಿ ಕೇಳಿದಳು. ಕೇಳಿದ್ದು ಉರುಳೆಯ ಮುಂದೆ, ಬಟ್ಟೆ ಹಿಡಿದುಕೊಂಡೇ.

“ನಮ್ಮ ಮನೆ ಪರಿಸ್ಥಿತಿ ನಿನಗೆ ಗೊತ್ತಿಲ್ವಾ ಅಕ್ಕ? ನಮ್ಮನೆಯವರು ಬೆನ್ನು ನೋವು ಅಂತ ಮಲಗಿ ವರ್ಷ ಆಯ್ತು. ಆ ರಿಯಾಯಿತಿ ಹೋದರೆ ನಾವು ಬಾಡಿಗೆ ಎಲ್ಲಿಂದ ಕಟ್ಟೋದು?”

“ನಿನ್ನದು ಕಿತ್ತುಕೊಳ್ಳಿ ಅಂತ ನಾನೆಲ್ಲಿ ಹೇಳಿದೆ?”

“ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದಲೇ ತಾನೇ ಕಿತ್ತುಕೊಳ್ಳೋದು? ನಿನಗೇನಕ್ಕ, ಹಿಂದಿಲ್ಲ ಮುಂದಿಲ್ಲ.”

ಹಿಂದಿಲ್ಲ ಮುಂದಿಲ್ಲ. ಆ ಮಾತಿನ ಹರಿತ ಆಡಿದವಳಿಗೂ ಅದು ಬಾಯಿ ಬಿಟ್ಟ ಮೇಲೆ ತಿಳಿಯಿತು. ಆದರೆ ಮಾತು ಆಡಿದರೆ ಹೋಯಿತು. ಒಂಟೆಕ್ಕ ಮುಂದಿನ ಬಟ್ಟೆಯ ತುದಿ ಹಿಡಿದಳು. ಆ ದಿನದಿಂದ ಆ ಉರುಳೆಯಲ್ಲಿ ಮಾತು ನಿಂತಿತು. ವಾರಗಟ್ಟಲೆ ಇಬ್ಬರೂ ಎದುರುಬದುರು ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಬಟ್ಟೆಯನ್ನು ಹಿಡಿದು ಎಳೆದರು. ವಿಚಿತ್ರವೆಂದರೆ ಬಟ್ಟೆಗಳು ಮೊದಲಿನಷ್ಟೇ ನೇರವಾಗಿ ಹೋದವು. ಕೈಗಳಿಗೆ ಜಗಳದ ಸುದ್ದಿ ತಲುಪಿರಲಿಲ್ಲ.

ಮನೆಯಲ್ಲಿ ಒಂಟೆಕ್ಕ ಚಿಕ್ಕಮ್ಮನಿಗೆ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಅರ್ಧ ಕೇಳಿಸಿಕೊಂಡು, ಹಲಗೆಯ ಮೇಲೆ ನಿಂತು ಕೆಲಸ ಮಾಡೋಳಿಗೆ ಕೋಪ ಬಂದರೆ ಬಿದ್ದುಬಿಡ್ತಾಳೆ, ಹೋಗಿ ಮಾತಾಡಿಸು ಎಂದಳು. ಮುದುಕಿಗೆ ವಿಷಯ ಅರ್ಥವಾಗಿತ್ತೋ ಇಲ್ಲವೋ, ಬುದ್ಧಿ ಮಾತ್ರ ಸರಿಯಾಗಿತ್ತು.

ಭಾನುವಾರ ಒಂಟೆಕ್ಕ ಗುಬ್ಬಿಯ ಮನೆಗೆ ಹೋದಳು. ಬರಿಗೈಯಲ್ಲಿ ಹೋಗಬಾರದೆಂದು ಒಂದು ಬ್ರೆಡ್ಡು, ಹಣ್ಣು ಹಿಡಿದುಕೊಂಡು ಹೋದಳು. ಒಂದೇ ಕೋಣೆಯ ಮನೆ. ನಡುವೆ ಪರದೆ ಎಳೆದು ಎರಡು ಮಾಡಿದ್ದರು. ಗುಬ್ಬಿಯ ಗಂಡ ಗೋದಾಮಿನಲ್ಲಿ ಮೂಟೆ ಎತ್ತುತ್ತಿದ್ದವನು, ಈಗ ನೆಲದ ಮೇಲೆ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿದ್ದ. ಮೂರು ಮಕ್ಕಳು ಅವನ ಸುತ್ತ ಪುಸ್ತಕ ಹರಡಿಕೊಂಡಿದ್ದರು. ಚಿಕ್ಕವಳು ಅವನ ಎದೆಯನ್ನೇ ಮೇಜು ಮಾಡಿಕೊಂಡು ಚಿತ್ರ ಬರೆಯುತ್ತಿದ್ದಳು. ಗುಬ್ಬಿ ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಬಾ ಎಂದೂ ಅನ್ನದೆ, ಬರಬೇಡ ಎಂದೂ ಅನ್ನದೆ, ಚಹಾಕ್ಕೆ ನೀರಿಟ್ಟಳು. ಹಾಲು ಕಮ್ಮಿಯಿತ್ತು. ಅದಕ್ಕೆ ನೀರು ಬೆರೆಸುವುದನ್ನು ಒಂಟೆಕ್ಕ ನೋಡಿದಳು, ನೋಡದವಳಂತೆ ಮುಖ ತಿರುಗಿಸಿದಳು.

ಮಾತು ಶುರುಮಾಡಿದವನು ಮಲಗಿದ್ದವನು. ಸೂರು ನೋಡುತ್ತ ಮಲಗಿದವನಿಗೆ ಯೋಚನೆ ಮಾಡುವುದಕ್ಕೆ ಬೇಕಾದಷ್ಟು ಹೊತ್ತು. ಅವನಿಗೆ ಹೆಂಡತಿಯ ಸಿಟ್ಟೂ ಗೊತ್ತಿತ್ತು, ಅದರ ಹಿಂದಿನ ಭಯವೂ ಗೊತ್ತಿತ್ತು.

“ಅಕ್ಕ, ನಾನೊಂದು ಹೇಳ್ತೀನಿ. ಮದುವೆ ಆದಾಗ ನಮಗೇನೂ ಖರ್ಚು ಬೀಳಲಿಲ್ಲ. ಇಬ್ಬರೂ ದುಡೀತಿದ್ದೆವು, ಬಾಡಿಗೆ ಒಂದೇ, ಒಲೆ ಒಂದೇ. ಉಳಿತಾಯವೇ ಆಯ್ತು. ಖರ್ಚು ಬಂದದ್ದು ಇವು ಹುಟ್ಟಿದ ಮೇಲೆ. ಆಮೇಲೆ ಈ ಬೆನ್ನು ಹೋದ ಮೇಲೆ.”

ಒಂಟೆಕ್ಕನ ಲೋಟ ಬಾಯಿಯ ಹತ್ತಿರವೇ ನಿಂತಿತು. ಎಷ್ಟೋ ದಿನದಿಂದ ಗಂಟಲವರೆಗೆ ಬಂದು ಸಿಗದೆ ಹೋಗುತ್ತಿದ್ದ ಮಾತು ಅದೇ. ಅವರ ಮೇನೇಜರನಿಗೆ ಮಕ್ಕಳಿಲ್ಲ. ಹೆಂಡತಿ ಮನೆಯಲ್ಲಿ ಗುಲಾಬಿ ಬೆಳೆಸುತ್ತಾಳೆ. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಳಿಯುವುದು ಅವನಿಗೆ, ಸಂಬಳ ದೊಡ್ಡದಾದಷ್ಟೂ ಪಾಲಿನ ಲಾಭ ದೊಡ್ಡದು. ಎರಡು ಮಕ್ಕಳ ವಿಂಗಡಣೆಯವಳಿಗೆ ಉಳಿಯುವುದಿಲ್ಲ. ಹಾಗಾದರೆ ಸರಕಾರ ಮಕ್ಕಳನ್ನು ನೋಡಿ ಕೊಡುತ್ತಿಲ್ಲ, ಮದುವೆಯನ್ನು ನೋಡಿ ಕೊಡುತ್ತಿದೆ. ಇದನ್ನು ಅವಳು ಗುಬ್ಬಿಗೆ ಹೇಳಿದಳು. ಗುಬ್ಬಿ ವಾದ ಹೂಡಿದಳು. ಬೆನ್ನು ಹೋದ ಗಂಡನೂ ಒಂದು ಮಗುವೇ, ಅವನ ಲೆಕ್ಕ ಎಲ್ಲಿ ಎಂದಳು. ಅದೂ ಸರಿಯೆಂದು ಒಂಟೆಕ್ಕ ಒಪ್ಪಿದಳು. ದುಡಿಯಲಾಗದವರನ್ನು ಸಾಕುವವರಿಗೂ ಕೊಡಬೇಕು, ಅವರು ಗಂಡನಾಗಲಿ ಚಿಕ್ಕಮ್ಮನಾಗಲಿ. ಹೀಗೆ ಎರಡನೆಯ ಸಲ ಚಹಾ ಕಾಯಿಸುವ ಹೊತ್ತಿಗೆ ಇಬ್ಬರ ದನಿಯೂ ಏರಿತ್ತು, ಆದರೆ ಅದು ಜಗಳದ ದನಿಯಾಗಿರಲಿಲ್ಲ. ಚಿಕ್ಕ ಹುಡುಗಿ ಅಪ್ಪನ ಎದೆಯ ಮೇಲೆ ಬರೆಯುತ್ತಿದ್ದುದು ಒಂಟೆಯ ಚಿತ್ರ ಎಂದು ಕಂಡಾಗ ಗುಬ್ಬಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಎಲ್ಲರಿಗೂ ನಗು ಬಂತು.

ಹಿಂದಿಲ್ಲ ಮುಂದಿಲ್ಲ ಎಂದದ್ದಕ್ಕೆ ಗುಬ್ಬಿ ಕ್ಷಮೆ ಕೇಳಲಿಲ್ಲ. ಹೊರಡುವಾಗ ಮೆಟ್ಟಿಲವರೆಗೆ ಬಂದು ಒಂಟೆಕ್ಕನ ಚೀಲವನ್ನು ತಾನೇ ಹಿಡಿದುಕೊಂಡು ಬೀದಿಯ ತಿರುವಿನ ತನಕ ನಡೆದಳು. ಕೇಳಿದ್ದಕ್ಕಿಂತ ಅದು ಹೆಚ್ಚಾಯಿತು.

ಸಮಿತಿ ಬರುವ ದಿನ ಕೆಲಸದ ದಿನವಾಗಿತ್ತು. ಮೇನೇಜರನಿಗೆ ಒಂಟೆಕ್ಕ ಎಲ್ಲಿಗೆ ಹೋಗುತ್ತಾಳೆಂದು ಗೊತ್ತು. ಉರುಳೆ ನಿಲ್ಲುವುದಾದರೆ ರಜೆಯಿಲ್ಲ ಎಂದ. ಉರುಳೆ ನಿಲ್ಲುವುದಿಲ್ಲ ಎಂದವನು ಬಾಯ್ಲರಿನವನು. ಒಲೆಯನ್ನು ಸಹಾಯಕನಿಗೆ ಒಪ್ಪಿಸಿ ಅವನು ಬಂದು ಒಂಟೆಕ್ಕನ ಜಾಗದಲ್ಲಿ ನಿಂತ. ಹಬೆ ತಯಾರಿಸುವುದು ಬೇರೆ, ಹಬೆಯ ಎದುರು ನಿಲ್ಲುವುದು ಬೇರೆ ಎಂದು ಆ ದಿನ ಅವನಿಗೆ ಅರಿವಾಯಿತಂತೆ. ಬೆರಳು ಸುಟ್ಟುಕೊಂಡ, ಬಟ್ಟೆಗಳನ್ನು ಸೊಟ್ಟಗೆ ಬಿಟ್ಟ, ಗುಬ್ಬಿಯ ಬೈಗುಳ ತಿಂದ. ಹಲಗೆಯ ಮೇಲೆ ನಿಂತು ಬೈಯುವ ಆ ಪುಟ್ಟ ಹೆಂಗಸಿನ ಎದುರು ತಲೆಯೆತ್ತದೆ ಸಂಜೆಯವರೆಗೆ ದುಡಿದ.

ಪುರಭವನದಲ್ಲಿ ಒಂಟೆಕ್ಕ ಹಿಂದಿನ ಸಾಲಿನಲ್ಲಿ ಕೂತು ಕಾದಳು. ಅವಳಿಗಿಂತ ಮೊದಲು ಮಾತಾಡಿದವರೆಲ್ಲ ಕಾಗದ ನೋಡಿಕೊಂಡು ಮಾತಾಡಿದರು: ವ್ಯಾಪಾರಿಗಳು, ವಕೀಲರು, ಒಬ್ಬ ಮೇಷ್ಟರು. ಅವಳ ಸರದಿ ಬಂದಾಗ ಮೈಕು ಅವಳ ಎದೆಯ ಮಟ್ಟಕ್ಕಿತ್ತು. ಅದನ್ನು ಎತ್ತರಿಸುವಷ್ಟರಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಹಾರಿಹೋಯಿತು. ಅಧ್ಯಕ್ಷರು ಸಮಾಧಾನದಿಂದ, ನಿಮ್ಮ ಕುಟುಂಬದಲ್ಲಿ ಎಷ್ಟು ಜನ ಇದ್ದೀರಿ ತಾಯಿ ಎಂದು ಕೇಳಿದರು.

“ನಿಮ್ಮ ಲೆಕ್ಕದಲ್ಲಿ ಒಬ್ಬಳೇ ಸಾರ್. ನನ್ನ ಲೆಕ್ಕದಲ್ಲಿ ಇಬ್ಬರು. ಆದರೆ ನಾನು ನನ್ನ ವಿಷಯ ಹೇಳೋಕೆ ಬರಲಿಲ್ಲ.”

ಆಮೇಲೆ ಅವಳು ವಿಂಗಡಣೆಯವಳ ಕಥೆ ಹೇಳಿದಳು. ಅಲಂಕಾರವಿಲ್ಲದೆ, ನಡುನಡುವೆ ತಡವರಿಸಿ, ವ್ಯಾನು ರಸ್ತೆಯ ಅಂಚಿಗೆ ನಿಂತ ಬೆಳಿಗ್ಗೆಯಿಂದ ಗುಮಾಸ್ತನ ಕಿಟಕಿಯವರೆಗೆ. ಗಂಡನನ್ನು ಕಳೆದುಕೊಂಡವಳಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು ಎಂದಳು.

“ಮಗುವಿಗೆ ಕೊಡಿ, ಮದುವೆಗೆ ಕೊಡಬೇಡಿ. ಕೈಲಾಗದವರನ್ನ ಸಾಕೋರಿಗೆ ಕೊಡಿ. ಅವರ ಸಂಬಂಧ ಏನು ಅಂತ ಕೇಳಬೇಡಿ.”

ಸಮಿತಿಯಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸಿದ್ದರು, ಚುರುಕು ಕಣ್ಣು. ಅವರು ಕೇಳಿದರು: ಒಂದೇ ಸಂಬಳದಲ್ಲಿ ಇಬ್ಬರು ಬದುಕುವ ಗಂಡ ಹೆಂಡತಿ ಇರುತ್ತಾರೆ, ಅದೇ ಸಂಬಳದಲ್ಲಿ ಒಬ್ಬರೇ ಬದುಕುವವರಿರುತ್ತಾರೆ, ಎರಡೂ ಮನೆಯಿಂದ ಒಂದೇ ತೆರಿಗೆ ತೆಗೆದುಕೊಂಡರೆ ಅದು ನ್ಯಾಯವೇ? ಒಂಟೆಕ್ಕ ಯೋಚಿಸಿದಳು. ಒಬ್ಬಳೇ ಇದ್ದರೂ ಬಾಡಿಗೆ ಅರ್ಧವಾಗುವುದಿಲ್ಲ, ದೀಪ ಅರ್ಧ ಉರಿಯುವುದಿಲ್ಲ ಎಂದಳು. ಆದರೆ ಅಷ್ಟಕ್ಕೇ ನಿಲ್ಲಿಸಲು ಅವಳ ಮನಸ್ಸು ಒಪ್ಪಲಿಲ್ಲ. ನೀವು ಹೇಳುವುದರಲ್ಲೂ ಹುರುಳಿದೆ ಮೇಡಂ, ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ ಎಂದು ಒಪ್ಪಿಕೊಂಡು ಕೂತಳು. ಚಪ್ಪಾಳೆ ಬಿತ್ತೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಮರೆತದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಎಲ್ಲ ಹಾಳುಮಾಡಿ ಬಂದೆ ಎಂದುಕೊಂಡೇ ಮನೆ ಮೆಟ್ಟಿಲು ಹತ್ತಿದಳು.

ಕಾನೂನು ಬದಲಾಗುವುದು ಹುಣಸೆ ಮರಕ್ಕೆ ಮುಪ್ಪು ಬಂದಷ್ಟೇ ನಿಧಾನ. ಜನ ಮರೆತರು, ಸಂಸಾರಸ್ಥರ ಸಿಟ್ಟೂ ತಣ್ಣಗಾಯಿತು. ಆ ನಡುವೆ ಗುಬ್ಬಿಯ ಗಂಡ ಎದ್ದು ಓಡಾಡುವಂತಾಗಿ ಗೋದಾಮಿನಲ್ಲೇ ಕೂತು ಮಾಡುವ ಕೆಲಸಕ್ಕೆ ಸೇರಿದ. ಕೊನೆಗೊಂದು ದಿನ ಹೊಸ ನಿಯಮ ಬಂತು. ಮಗುವನ್ನು ಸಾಕುವವರು ಯಾರೇ ಆಗಿರಲಿ, ಮದುವೆಯಾಗಿರಲಿ ಬಿಡಲಿ, ಮಗುವಿಗೆ ಇಷ್ಟು ಎಂದು ತೆರಿಗೆಯಲ್ಲಿ ಬಿಡಲಾಯಿತು. ಸಂಗಾತಿಯನ್ನು ಕಳೆದುಕೊಂಡು ಮಕ್ಕಳನ್ನು ಬೆಳೆಸುವವರಿಗೆ ಜೊತೆಯಾಗಿದ್ದಾಗಿನ ಹಳೆಯ ದರವೇ ಉಳಿಯಿತು. ದೊಡ್ಡ ಸಂಬಳದವರಿಗೆ ಪಾಲಿನ ಲಾಭಕ್ಕೆ ಒಂದು ಮಿತಿ ಬಿತ್ತು. ಇದು ಒಂಟೆಕ್ಕನ ಮಾತಿನಿಂದಲೇ ಆಯಿತು ಎಂದು ಕಾರ್ಖಾನೆಯವರು ಇಂದಿಗೂ ನಂಬುತ್ತಾರೆ. ಅವಳು ನಂಬುವುದಿಲ್ಲ. ಅಂಥ ಮಾತು ಎಷ್ಟೋ ಊರಿನಲ್ಲಿ ಎಷ್ಟೋ ಜನ ಆಡಿರಬೇಕು, ಹನಿಹನಿಗೂಡಿದರೆ ತಾನೇ ಹಳ್ಳ ಎನ್ನುತ್ತಾಳೆ.

ವಿಂಗಡಣೆಯವಳ ಕೈಗೆ ಬರುವ ಸಂಬಳ ಏರಿತು. ಗಂಡನೂ ಮತ್ತೆ ದುಡಿಯತೊಡಗಿದ್ದರಿಂದ ಪಾಲಿನ ಲಾಭದಲ್ಲಿ ಗುಬ್ಬಿಗೆ ಒಂದು ಕೈಯಲ್ಲಿ ಹೋದದ್ದು ಮೂರು ಮಕ್ಕಳ ಲೆಕ್ಕದಲ್ಲಿ ಇನ್ನೊಂದು ಕೈಗೆ ಬಂದು ಚೂರು ಮಿಕ್ಕಿತು. ಮೇನೇಜರ್ ಒಂದು ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆದರೆ ಚಿಕ್ಕಮ್ಮನಂಥವರನ್ನು ಸಾಕುವವರ ಬಗ್ಗೆ, ಸುಮ್ಮನೆ ಒಬ್ಬರೇ ಇರುವವರ ಬಗ್ಗೆ ಹೊಸ ನಿಯಮದಲ್ಲಿ ಇದ್ದದ್ದು ಒಂದೇ ಸಾಲು: ಈ ವಿಷಯವನ್ನು ಮುಂದೆ ಪರಿಶೀಲಿಸಲಾಗುವುದು. ಅಂದರೆ ಒಂಟೆಕ್ಕನ ಸಂಬಳ ಇದ್ದಲ್ಲೇ ಇತ್ತು, ತೆರಿಗೆಯೂ ಇದ್ದಲ್ಲೇ ಇತ್ತು.

ಅದನ್ನು ಗುಮಾಸ್ತ ಓದಿ ಹೇಳಿದಾಗ ಸುತ್ತ ನಿಂತವರಿಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳು ಮಾತ್ರ ವಿಂಗಡಣೆಯವಳ ಹತ್ತಿರ ಹೋಗಿ, ಹುಡುಗನಿಗೆ ಕನ್ನಡಕ ಮಾಡಿಸಬೇಕು ಅಂತಿದ್ದೆಯಲ್ಲ, ಈಗ ಮಾಡಿಸಿಬಿಡು ಎಂದಳು. ವಿಂಗಡಣೆಯವಳು ಅವಳ ಕೈ ಹಿಡಿದುಕೊಂಡಳು. ಗಂಡ ಸತ್ತಾಗ, ತೆರಿಗೆ ಏರಿದಾಗ ಅಳದವಳು ಆಗ ಅತ್ತಳು. ಬಾಯ್ಲರಿನವನು ದೂರದಲ್ಲಿ ನಿಂತು ತನ್ನ ಗಡಿಯಾರ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಿದ್ದ.

ಮೊನ್ನೆ ಸಮಿತಿ ಮತ್ತೆ ಕೂರುತ್ತದೆ ಎಂಬ ಸುದ್ದಿ ಬಂದಿದೆ. ಈ ಸಲ ದೂರದ ದೊಡ್ಡ ಊರಿನಲ್ಲಿ. ಬೆಳಗಿನ ಬಸ್ಸಿಗೇ ಹೋಗಬೇಕು. ಒಂಟೆಕ್ಕನಿಗೆ ಈಗ ಮೊಣಕಾಲು ನೋವು. ಚಿಕ್ಕಮ್ಮನನ್ನು ಒಬ್ಬಳೇ ಬಿಡುವಂತೆಯೂ ಇಲ್ಲ. ನನ್ನ ಪಾಲಿಗೆ ಇಷ್ಟು ಸಾಕು, ಬೇರೆ ಯಾರಾದರೂ ಹೋಗಲಿ ಎಂದಿದ್ದಳು. ಗುಬ್ಬಿ ಕೇಳಲಿಲ್ಲ. ವಿಂಗಡಣೆಯವಳು ಚಿಕ್ಕಮ್ಮನ ಜೊತೆ ಇರುವುದೆಂದು ತೀರ್ಮಾನವಾಯಿತು, ಇಬ್ಬರ ಟಿಕೆಟ್ಟನ್ನೂ ಗುಬ್ಬಿಯೇ ತಂದಿಟ್ಟಳು.

“ಹೋದ ಸಲ ನಮಗೋಸ್ಕರ ಮಾತಾಡಿದೆ. ಈ ಸಲ ನಿನಗೋಸ್ಕರ ಮಾತಾಡಬೇಕು” ಎಂದಳು ಅವಳು. “ನಿನಗೆ ಮರೆತುಹೋದರೆ ಹೇಳಿಕೊಡೋಕೆ ನಾನು ಪಕ್ಕದಲ್ಲೇ ಇರ್ತೀನಿ.”

ಒಂಟೆಕ್ಕ ತನಗೋಸ್ಕರ ಮಾತಾಡುವುದು ಹೇಗೆಂದು ಗೊತ್ತಿಲ್ಲ ಎಂದಳು. ಕಲಿತುಕೋ ಎಂದಳು ಗುಬ್ಬಿ. ಕಿಟಕಿಯ ಪಕ್ಕದ ಸೀಟು ಯಾರಿಗೆ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮೊಣಕಾಲು ಚಾಚಲು ತನಗೆ ಓಡಾಡುವ ದಾರಿಯ ಕಡೆಯ ಸೀಟೇ ಬೇಕೆಂದು ಒಂಟೆಕ್ಕ ಹೇಳುತ್ತಾಳೆ, ಅಷ್ಟು ಎತ್ತರದವಳು ಆ ಕಡೆ ಕೂತರೆ ಎದುರಿನ ರಸ್ತೆ ತನಗೆ ಕಾಣುವುದಿಲ್ಲ ಎಂದು ಗುಬ್ಬಿಯ ತಕರಾರು.